ಮೂರು ಸುತ್ತಿನ ಅಳತೆ

ಗುಂಡಿ ಒತ್ತಿದ ಮೇಲೂ ಪವಿತ್ರಾ ಸ್ಟಾಪ್‌ವಾಚಿನ ಮೇಲಿಂದ ಹೆಬ್ಬೆರಳು ತೆಗೆಯಲಿಲ್ಲ. ತೆಗೆದರೆ ಅಂಕಿ ಕಾಣುತ್ತದೆ. ಸುಣ್ಣದ ಗೆರೆ ದಾಟಿದ ದಿವ್ಯಶ್ರೀ ಹತ್ತು ಹೆಜ್ಜೆ ಮುಂದಕ್ಕೆ ಹೋಗಿ, ಸೊಂಟದ ಮೇಲೆ ಕೈಯಿಟ್ಟುಕೊಂಡು, ಅಂಗಡಿಗೆ ಹೋಗಿ ಉಪ್ಪು ತಂದವಳಷ್ಟೇ ದಣಿವಿನಲ್ಲಿ ತಿರುಗಿ ಬರುತ್ತಿದ್ದಳು. ಜೊತೆಗೆ ಓಡಿದ ಆರು ಹುಡುಗಿಯರು ಇನ್ನೂ ಪಂಪ್‌ಹೌಸಿನ ತಿರುವಿನಲ್ಲಿದ್ದರು. ಅವರಲ್ಲಿ ಇಬ್ಬರು ಓಟ ಬಿಟ್ಟು ನಡೆಯುತ್ತಿದ್ದರು.

"ಮಿಸ್, ಎಷ್ಟಾಯ್ತು?"

ಪವಿತ್ರಾ ಬೆರಳು ಸರಿಸಿದಳು. ಒಂದು ನಿಮಿಷ ಐವತ್ತು ಸೆಕೆಂಡು. ವಾಚನ್ನು ಒಮ್ಮೆ ಅಲ್ಲಾಡಿಸಿದಳು, ಅಲ್ಲಾಡಿಸಿದರೆ ಅಂಕಿ ಬದಲಾಗುತ್ತದೆಯೋ ಎಂಬಂತೆ.

"ಇರು, ನೋಡ್ತೀನಿ. ಇನ್ನೂ ಅವ್ರೆಲ್ಲ ಬರ್ಲಿ."

ಅದು ಎಂಟನೇ ತರಗತಿಯ ಮಕ್ಕಳಿಗೆ ವರ್ಷಕ್ಕೆರಡು ಸಲ ನಡೆಸುವ ದೈಹಿಕ ಸಾಮರ್ಥ್ಯ ಪರೀಕ್ಷೆ. ಎತ್ತರ, ತೂಕ, ಕೂತು ಮುಂದಕ್ಕೆ ಬಾಗುವುದು, ನಿಂತಲ್ಲಿಂದ ಜಿಗಿಯುವುದು, ಕೊನೆಗೆ ಆರುನೂರು ಮೀಟರ್ ಓಟ. ಮೈದಾನಕ್ಕೆ ಮೂರು ಸುತ್ತು. ಬೇರೆ ಸಲವಾದರೆ ಈ ಅಂಕಿಗಳನ್ನು ಮೊಬೈಲಿಗೆ ತುಂಬಿಸಿಬಿಟ್ಟರೆ ಮುಗಿಯಿತು, ಆಮೇಲೆ ಅವನ್ನು ಕೇಳುವವರಿಲ್ಲ. ಈ ಸಲ ಮಾತ್ರ ಒಂದು ಸುತ್ತೋಲೆ ಬಂದಿತ್ತು. ಒಂದು ನಿಮಿಷ ಐವತ್ತೈದು ಸೆಕೆಂಡಿನ ಒಳಗೆ ಓಡಿದ ಹುಡುಗಿಯರಿದ್ದರೆ ಶನಿವಾರ ಮಧ್ಯಾಹ್ನದೊಳಗೆ ಹೆಸರು ಕಳಿಸಬೇಕು. ಅವರನ್ನು ಮಡಿಕೇರಿಗೆ ಕರೆಸಿ, ನೋಡಿ, ಸ್ಪೋರ್ಟ್ಸ್ ಹಾಸ್ಟೆಲಿಗೆ ತೆಗೆದುಕೊಳ್ಳುತ್ತಾರೆ. ಊಟ, ಓದು, ಬೂಟು, ಕೋಚು, ಎಲ್ಲ ಅವರದೇ. ಇಪ್ಪತ್ತಮೂರು ಹುಡುಗಿಯರಲ್ಲಿ ಆ ಗೆರೆಯೊಳಗೆ ಬಂದವಳು ಇವಳೊಬ್ಬಳು.

ಅದಕ್ಕೆ ಪಿ.ಟಿ. ಮಿಸ್ ಆದ ಪವಿತ್ರಾ ಖುಷಿಪಡಬೇಕಿತ್ತು. ಪಡಲಿಲ್ಲ.

ಹೆಡ್ಮಾಸ್ಟರ ಕೋಣೆಯ ಹೊರಗೆ, ಜಗಲಿಯ ಗೋಡೆಯ ಮೇಲೆ ನೀಲಿ ಬಣ್ಣದ ಪಟ್ಟಿಯೊಂದಿದೆ. ಶಾಲೆಯ ದಾಖಲೆಗಳು. ಎತ್ತರ ಜಿಗಿತ, ಗುಂಡು ಎಸೆತ, ನೂರು ಮೀಟರ್ ಎಲ್ಲದರ ಎದುರಿನ ಹೆಸರುಗಳೂ ಈ ವರ್ಷಗಳಲ್ಲಿ ಎರಡು ಮೂರು ಸಲ ಬದಲಾಗಿದ್ದವು. 'ಆರುನೂರು ಮೀ. ಬಾಲಕಿಯರು' ಎಂಬಲ್ಲಿ ಮಾತ್ರ ೨೦೦೧ರಿಂದ ಒಂದೇ ಹೆಸರು. ಪವಿತ್ರಾ ಎಚ್.ಎಸ್., ಒಂದು ನಿಮಿಷ ಐವತ್ತೆರಡು ಸೆಕೆಂಡು. ಶನಿವಾರಸಂತೆಯ ಹತ್ತಿರದ ಈ ಶಾಲೆಯಲ್ಲೇ ಓದಿ, ಎಲ್ಲೆಲ್ಲೋ ಕೆಲಸ ಮಾಡಿ, ಎರಡು ವರ್ಷದ ಹಿಂದೆ ವರ್ಗವಾಗಿ ಇಲ್ಲಿಗೇ ಬಂದಾಗ ಆಕೆ ಮೊದಲು ಹೋಗಿ ನಿಂತದ್ದು ಆ ಗೋಡೆಯ ಮುಂದೆ.

ಬರೀ ಗೋಡೆಯ ಮಾತಾಗಿದ್ದರೆ ಹೇಗೋ ನುಂಗಿಕೊಳ್ಳಬಹುದಿತ್ತು. ಆ ವರ್ಷ ಅವಳ ಹೆಸರೂ ಇಂಥದೇ ಪಟ್ಟಿಯಲ್ಲಿ ಹೋಗುವುದಿತ್ತು. ಅಪ್ಪ ಶಾಲೆಗೆ ಬಂದ. ಅವಳ ಓಟ ನೋಡಲು ಒಮ್ಮೆಯೂ ಬಾರದವನು, ಆ ದಿನ ಬಂದು, ಮೈದಾನದ ನಡುವೆ ನಿಂತು, "ಓಡಿ ಓಡಿ ಯಾವೂರ್ ಸೇರ್ಬೇಕು ಅಂತಿದೀಯ? ನಡಿ ಮನೆಗೆ" ಎಂದ. ಮೇಷ್ಟ್ರು ಹೆಸರು ಹೊಡೆದು ಹಾಕಿದರು. ಅಪ್ಪ ಸತ್ತು ಆರು ವರ್ಷವಾದರೂ ಆ ಸಿಟ್ಟನ್ನು ಪವಿತ್ರಾ ಹಸು ಸಾಕಿದ ಹಾಗೆ ಸಾಕಿಕೊಂಡು ಬಂದಿದ್ದಳು. ಗಂಡನಿಗೆ, ಮಗನಿಗೆ, ತರಬೇತಿಗೆ ಹೋದಲ್ಲಿ ಪಕ್ಕದ ಮಂಚದವಳಿಗೆ, ಎಲ್ಲರಿಗೂ ಗೊತ್ತು: ಒಂದು ನಿಮಿಷ ಐವತ್ತೆರಡರಲ್ಲಿ ಓಡಿದವಳನ್ನು ಮನೆಗೆ ಎಳೆದುಕೊಂಡು ಹೋದರು.

ದಿವ್ಯಶ್ರೀಯ ಅಪ್ಪ ಸಣ್ಣಸ್ವಾಮಿ ಈಗಲೂ ಬೇಲಿಯ ಆಚೆ ನಿಂತಿದ್ದ. ಗೂಡ್ಸ್ ಆಟೋ ಓಡಿಸುವವನು. ಮಗಳ ಓಟವಿದೆ ಎಂದರೆ ಸಾಕು, ಆಟೋವನ್ನು ರಸ್ತೆಬದಿಗೆ ಹಾಕಿ, ಅವಳ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಬೇಲಿಯ ಉದ್ದಕ್ಕೂ ತಾನೂ ಓಡುತ್ತಿದ್ದ. ಅವಳು ಎಲ್ಲಿ ನಿಲ್ಲುತ್ತಾಳೋ ಅಲ್ಲೇ ಚಪ್ಪಲಿ ಇಡಬೇಕು, ಬರಿಗಾಲಲ್ಲಿ ವಾಪಸು ನಡೆಯಬಾರದು ಎಂಬುದು ಅವನ ಲೆಕ್ಕ. ಉಳಿದ ಟೀಚರುಗಳು ಅದನ್ನು ನೋಡಿ ನಗುತ್ತಿದ್ದರು. ಪವಿತ್ರಾಳಿಗೆ ಒಂದು ದಿನವೂ ನಗು ಬಂದಿರಲಿಲ್ಲ. ಆ ಹುಡುಗಿಯ ಕಾಲು ಕಂಡು ಒಂದು ಪಾಲು ಹೊಟ್ಟೆಕಿಚ್ಚಾದರೆ ಆ ಅಪ್ಪನನ್ನು ಕಂಡು ಮೂರು ಪಾಲು.

"ಮಿಸ್ಸೋ, ಎಷ್ಟಾಯ್ತಂತೆ?" ಸಣ್ಣಸ್ವಾಮಿ ಬೇಲಿಯಿಂದಲೇ ಕೂಗಿದ.

"ಇದು ಲೆಕ್ಕಕ್ಕಿಲ್ಲ," ಎಂದಳು ಪವಿತ್ರಾ. ಬಾಯಿಗೆ ಬಂದದ್ದು ಅದು. "ಗ್ರೌಂಡಿಂದು ಅಳತೆ ಸರಿ ಇದ್ದಂಗಿಲ್ಲ. ಇಷ್ಟು ಬೇಗ ಯಾರೂ ಬರಲ್ಲ. ಸುತ್ತು ಕಮ್ಮಿ ಬೀಳ್ತಿರ್ಬೇಕು."

ದಿವ್ಯಶ್ರೀಯ ಮುಖ ಚಿಕ್ಕದಾಯಿತು. "ಹಂಗಾರೆ ಮತ್ತೆ ಓಡ್ಲಾ ಮಿಸ್?"

"ನಾಡಿದ್ದು ಬೆಳಗ್ಗೆ ನೋಡಾಣ. ಅಳತೆ ಸರಿ ಇದ್ರೆ."

ಅಳತೆಯ ಬಗ್ಗೆ ಹಾಗೆ ಹೇಳಿದ್ದು ಪೂರ್ತಿ ಸುಳ್ಳೇನಲ್ಲ. ಮೈದಾನದ ಸುತ್ತು ಇನ್ನೂರು ಮೀಟರ್ ಎಂದು ಅವಳಿಗೆ ಹಿಂದಿನ ಮೇಷ್ಟ್ರು ಹೇಳಿದ್ದರು. ಅವರಿಗೆ ಅವರ ಹಿಂದಿನವರು. ಸಾಲಾಗಿ ಹುಗಿದ ಕಲ್ಲುಗಳಿಗೆ ಪ್ರತಿ ವರ್ಷ ಆಗಸ್ಟ್ ಹದಿನೈದಕ್ಕೆ ಸುಣ್ಣ ಬಳಿಯುವುದು ಬಿಟ್ಟರೆ ಟೇಪು ಹಿಡಿದು ನೋಡಿದವರು ಯಾರೂ ಇಲ್ಲ. ಆ ಭಾಗದ ಶಾಲೆಗಳಲ್ಲಿ ಅದೇ ಕ್ರಮ. ಮೂರು ಸುತ್ತು ಅಂದರೆ ಆರುನೂರು, ಅದರ ಮೇಲೆ ಮಾತಿಲ್ಲ.

ಹೆಡ್ಮಾಸ್ಟರ್ ಧರ್ಮೇಂದ್ರ ಶುಕ್ರವಾರ ಪಟ್ಟಿ ಕೇಳಿದರು. "ಅಳತೆ ಬಗ್ಗೆ ಅನುಮಾನ ಇದೆ ಸರ್. ಸಾಯಂಕಾಲ ಅಳೆದು ಹೇಳ್ತೀನಿ" ಎಂದಳು.

"ಅನುಮಾನ ಇದ್ರೆ ಬೇಡ ಬಿಡಿ. ಅಲ್ಲಿ ಹೋಗಿ ಹುಡ್ಗಿ ಸೋತ್ರೆ ನಮ್ ಮರ್ಯಾದೆ ಹೋಗುತ್ತೆ. ಯಾರೂ ಇಲ್ಲ ಅಂತ ಬರ್ದು ಕಳ್ಸಾಣ," ಎಂದರು ಅವರು. ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಅವರಿಗೂ ಒಂದು ಕೆಲಸ ಕಮ್ಮಿ.

ಅಲ್ಲಿಗೇ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಹೊಟ್ಟೆಕಿಚ್ಚಿಗೆ ಸುಮ್ಮನೆ ಗೆದ್ದರೆ ಸಾಲದು, ಸಾಕ್ಷಿಯೂ ಬೇಕು. ಸುತ್ತು ನೂರ ತೊಂಬತ್ತೇ ಇದೆ ಎಂದು ಟೇಪು ಹೇಳಿಬಿಟ್ಟರೆ ಮನಸ್ಸಿನ ಹುಳ ಸಾಯುತ್ತದೆ, ಗೋಡೆಯ ಹೆಸರು ನ್ಯಾಯವಾಗಿಯೇ ಉಳಿಯುತ್ತದೆ ಎಂದುಕೊಂಡಳು. ಮಕ್ಕಳೆಲ್ಲ ಹೋದ ಮೇಲೆ ಮೂವತ್ತು ಮೀಟರಿನ ಟೇಪು ತೆಗೆದುಕೊಂಡು, ಬಿಸಿಯೂಟದ ಪಾತ್ರೆ ತೊಳೆಯುತ್ತಿದ್ದ ಬೆಳ್ಳಮ್ಮನನ್ನು ಕರೆದಳು.

ಬೆಳ್ಳಮ್ಮ ಅಡುಗೆಯವಳು. ಪವಿತ್ರಾಳಿಗಿಂತ ಎರಡು ಕ್ಲಾಸು ಮುಂದಿದ್ದು, ಒಂಬತ್ತರಲ್ಲಿ ಶಾಲೆ ಬಿಟ್ಟವಳು. ಮಕ್ಕಳೆದುರು 'ಮಿಸ್' ಎನ್ನುತ್ತಾಳೆ, ಇಬ್ಬರೇ ಇದ್ದರೆ 'ಪವಿ'.

"ಏನೇ ಪವಿ, ಸೈಟ್ ಮಾಡಿ ಮಾರ್ತೀಯೇನೆ ಗ್ರೌಂಡ?"

"ತುದಿ ಹಿಡ್ಕೊ, ಮಾತು ಆಮೇಲೆ."

ಕಲ್ಲಿನ ಸಾಲಿನಿಂದ ಒಂದು ಗೇಣು ಹೊರಗೆ ಟೇಪು ಹಾಸಿಕೊಂಡು ಹೋದರು, ಓಡುವವರ ಕಾಲು ಬೀಳುವುದು ಅಲ್ಲಿಯೇ. ತಿರುವುಗಳಲ್ಲಿ ಟೇಪನ್ನು ಎರಡೆರಡು ಮೀಟರಿಗೆ ಬಾಗಿಸಿ, ಪೊರಕೆಕಡ್ಡಿ ಚುಚ್ಚಿ ಗುರುತು ಮಾಡಿದರು. ಪಶ್ಚಿಮದ ಸಿಲ್ವರ್ ಓಕ್ ಮರಗಳ ನೆರಳು ಮೈದಾನದ ಅರ್ಧಕ್ಕೆ ಬಂದಿತ್ತು. ಆರು ಟೇಪು ಮುಗಿದಾಗಲೂ ಹೊರಟ ಗೆರೆ ಇನ್ನೂ ದೂರ ಇತ್ತು. ಏಳನೆಯದನ್ನು ಎಳೆದರು. ಗೆರೆ ಮುಟ್ಟಿದ್ದು ಇಪ್ಪತ್ತೊಂಬತ್ತಕ್ಕೆ.

ಇನ್ನೂರ ಒಂಬತ್ತು.

"ಇನ್ನೊಂದ್ಸಲ," ಎಂದಳು ಪವಿತ್ರಾ.

"ಅಯ್ಯೋ ನನ್ ಸೊಂಟವೇ! ಮೊಸ್ರಲ್ಲಿ ಕಲ್ಲು ಹುಡುಕ್ತಾ ಇದೀಯ ನೀನು. ಪಾತ್ರೆ ಹಂಗೇ ಬಿದ್ದವೆ ಅಲ್ಲಿ."

ಎರಡನೇ ಸಲವೂ ಇನ್ನೂರ ಒಂಬತ್ತೇ ಬಂತು. ಸುತ್ತು ಕಮ್ಮಿ ಇರಲಿಲ್ಲ, ಒಂಬತ್ತು ಮೀಟರ್ ಜಾಸ್ತಿ ಇತ್ತು. ಅಂದರೆ ಆ ಹುಡುಗಿ ಆರುನೂರಲ್ಲ, ಆರುನೂರ ಇಪ್ಪತ್ತೇಳು ಮೀಟರ್ ಓಡಿ ಒಂದು ಐವತ್ತಕ್ಕೆ ಬಂದಿದ್ದಳು. ಪವಿತ್ರಾ ಟೇಪಿನ ಮೇಲೆಯೇ ಕುಕ್ಕರುಗಾಲಲ್ಲಿ ಕೂತಳು. ತಾನೊಂದು ಬಗೆದರೆ ದೈವವೊಂದು ಬಗೆಯಿತು ಎಂದು ಸಲೀಸಾಗಿ ಹೇಳಿಬಿಡುತ್ತಾರೆ. ದೈವಕ್ಕೆ ಇಲ್ಲಿ ಕೆಲಸವೇ ಇರಲಿಲ್ಲ, ಟೇಪು ಹಿಡಿದು ಎಳೆದವಳು ಅವಳೇ.

ಆಗ ಒಂದು ಸಮಾಧಾನ ಹೊಳೆಯಿತು. ತಾನು ಓಡಿದ್ದೂ ಇದೇ ಸುತ್ತಿನಲ್ಲಿ ತಾನೇ? ತನ್ನ ಐವತ್ತೆರಡೂ ಆರುನೂರ ಇಪ್ಪತ್ತೇಳಕ್ಕೇ ಅಲ್ಲವೇ? ಹಾಗಿದ್ದರೆ ಇಬ್ಬರಿಗೂ ನಡುವೆ ಎರಡೇ ಸೆಕೆಂಡು. ಎರಡು ಸೆಕೆಂಡು ಏನು ಮಹಾ, ಒಂದು ಸೀನಿನಷ್ಟು.

"ಬೆಳ್ಳಮ್ಮ, ನಮ್ ಕಾಲ್ದಲ್ಲೂ ಸುತ್ತು ಇಷ್ಟೇ ಇತ್ತಲ್ವಾ?" ಎಂದು ಕೇಳಿದಳು. ಕೇಳದಿದ್ದರೆ ಚೆನ್ನಾಗಿತ್ತು.

"ಎಲ್ಲಿ? ಆಗ ಧರೆ, ಆ ಮಣ್ ದಿಬ್ಬ, ಇಲ್ಲೀ ಗಂಟ ಬತ್ತಿತ್ತು, ಮರ್ತ್ಬುಟ್ಯಾ? ನಾವು ತಿರುಗ್ತಿದ್ದದ್ದು ಆ ಹಳೇ ಧ್ವಜದ ಕಟ್ಟೆ ಪಕ್ಕದಿಂದ್ಲೇ. ನಾನ್ ಸ್ಕೂಲ್ ಬಿಟ್ಟು ನಾಕೈದು ವರ್ಷಕ್ಕೆ ಬುಲ್ಡೋಜರ್ ತರ್ಸಿ ಧರೆ ಕಡಿದ್ರು. ಆಗ್ಲೇ ಕಲ್ಲೂ ಹೊರಕ್ಕೆ ಸರ್ಸಿದ್ದು. ನಮ್ಮಣ್ಣನೂ ಹೊತ್ತವ್ನೆ ಆ ಕಲ್ಲ."

ಬೆಳ್ಳಮ್ಮ ಹೋಗಿ ಗರಿಕೆಯೊಳಗೆ ಕಾಲಾಡಿಸಿದಳು. ಸರಿಸದೆ ಬಿಟ್ಟ ಐದಾರು ಹಳೆಯ ಕಲ್ಲುಗಳು ನೆಲಕ್ಕೆ ಸಮನಾಗಿ ಹೂತುಹೋಗಿದ್ದವು. ಉಗುರಿನಿಂದ ಕೆರೆದರೆ ಒಂದರ ಮೇಲೆ ಸುಣ್ಣದ ಪೊರೆ ಇನ್ನೂ ಇತ್ತು. ಪವಿತ್ರಾಳಿಗೆ ಅದು ನೆನಪಿಗೆ ಬಂತು. ಧ್ವಜದ ಕಟ್ಟೆಯ ಹತ್ತಿರ ತಿರುಗುವಾಗ ಎಡಗೈ ಕಟ್ಟೆಗೆ ತಾಗುತ್ತಿತ್ತು. ಈಗ ಆ ಕಟ್ಟೆಗೂ ಓಟದ ಹಾದಿಗೂ ಒಂದು ಎತ್ತಿನಗಾಡಿ ಹೋಗುವಷ್ಟು ಜಾಗ.

"ಇದನ್ನೂ ಅಳೀಬೇಕೇನೆ?"

"ಹಿಡ್ಕೊ."

ಆ ಕಲ್ಲುಗಳನ್ನೂ ಕಟ್ಟೆಯನ್ನೂ ಗುರುತಾಗಿಟ್ಟು ಅಳೆದರೆ ಹಳೆಯ ಸುತ್ತು ನೂರ ಎಂಬತ್ತನಾಲ್ಕು. ಮೂರು ಸುತ್ತಿಗೆ ಐನೂರ ಐವತ್ತೆರಡು. ಹದಿನೈದು ವರ್ಷ ಮಕ್ಕಳ ಓಟದ ಲೆಕ್ಕ ಹಾಕಿದವಳಿಗೆ ಕಾಗದ ಬೇಕಾಗಲಿಲ್ಲ. ಅದೇ ವೇಗದಲ್ಲಿ ನಿಜವಾದ ಆರುನೂರು ಓಡಿದ್ದರೆ ಎರಡು ನಿಮಿಷ ಎರಡು ಸೆಕೆಂಡು. ಅಂಥ ಹುಡುಗಿಯರು ಎಲ್ಲ ಶಾಲೆಯಲ್ಲೂ ಇರುತ್ತಾರೆ. ಪಟ್ಟಿಗೆ ಬರುವುದಿಲ್ಲ. ಅಪ್ಪ ಆ ದಿನ ಬಾರದಿದ್ದರೂ, ಮಡಿಕೇರಿಗೆ ಹೋಗಿ ಸರಿಯಾದ ಮೈದಾನದಲ್ಲಿ ಓಡಿ, ಅದೇ ಸಂಜೆಯ ಬಸ್ಸಿಗೆ ವಾಪಸು ಬರುತ್ತಿದ್ದಳು.

"ಯಾಕೆ, ಹೆಂಗೋ ಆಗ್ಬುಟ್ಯಲ್ಲ?" ಎಂದಳು ಬೆಳ್ಳಮ್ಮ.

"ಏನಿಲ್ಲ. ನೀನ್ ಹೋಗು, ಪಾತ್ರೆ ತೊಳಿ."

ಮನೆಗೆ ಹೋಗಿ ಸಾರು ಬಿಸಿ ಮಾಡುವಾಗಲೂ ಅವಳಿಗೆ ಸಿಟ್ಟು ಯಾರ ಮೇಲೆ ಹಾಕುವುದೆಂದು ತಿಳಿಯಲಿಲ್ಲ. ಇಷ್ಟು ವರ್ಷ ಅದಕ್ಕೊಂದು ಜಾಗವಿತ್ತು. ಅಪ್ಪನ ಫೋಟೋಕ್ಕೆ ವರ್ಷಕ್ಕೊಮ್ಮೆ ಹಾರ ಹಾಕುವಾಗಲೂ 'ನೀನು ಹೀಗೆ ಮಾಡಬಾರದಿತ್ತು' ಎಂದುಕೊಂಡೇ ಹಾಕುತ್ತಿದ್ದಳು. ಅಪ್ಪ ಮಾಡಿದ್ದು ತಪ್ಪೇ, ಅದರಲ್ಲಿ ಮಾತಿಲ್ಲ. ಆದರೆ ಅವನು ಕಿತ್ತುಕೊಂಡದ್ದೆಂದು ಅವಳು ಊರೆಲ್ಲ ಹೇಳಿಕೊಂಡು ಬಂದದ್ದು ಅವಳ ಕೈಯಲ್ಲಿ ಇರಲೇ ಇಲ್ಲ. ಆ ಹುಡುಗಿಗೆ ಕಾಲೂ ಇದೆ, ಅಪ್ಪನೂ ಇದ್ದಾನೆ. ತನಗೆ ಎರಡೂ ಇರಲಿಲ್ಲ. ಹೊಟ್ಟೆಕಿಚ್ಚು ಇದರಿಂದ ಆರಬೇಕಿತ್ತೋ ಏನೋ, ಇನ್ನಷ್ಟು ಹೊತ್ತಿಕೊಂಡಿತು.

ಇದು ಯಾರಿಗೂ ಗೊತ್ತಿಲ್ಲ. ಬೆಳ್ಳಮ್ಮ ಟೇಪಿನ ತುದಿ ಹಿಡಿದಿದ್ದಳೇ ಹೊರತು ಅಂಕಿ ನೋಡಿರಲಿಲ್ಲ. ನಾಳೆ ಹೆಡ್ಮಾಸ್ಟರಿಗೆ 'ಅಳತೆ ಸರಿ ಇಲ್ಲ ಸರ್' ಎಂದರೆ ಸಾಕು. ಅದು ಸುಳ್ಳೂ ಅಲ್ಲ. ಹುಡುಗಿಗೆ ಮುಂದಿನ ವರ್ಷ ಇದ್ದೇ ಇದೆ ಎಂದು ಮನಸ್ಸು ಹೇಳಿತು. ಮುಂದಿನ ವರ್ಷಕ್ಕೆ ವಯಸ್ಸು ಮೀರುತ್ತದೆ ಎಂಬುದನ್ನೂ ಅದೇ ಮನಸ್ಸು ಹೇಳಿತು.

ಶನಿವಾರ ಬೆಳಗ್ಗೆ ಏಳಕ್ಕೆ ಅವಳು ಶಾಲೆಗೆ ಬಂದಾಗ ಗೇಟಿನ ಹೊರಗೆ ಗೂಡ್ಸ್ ಆಟೋ ನಿಂತಿತ್ತು. ಹಿಂದೆ ಹಸಿಶುಂಠಿಯ ಮೂಟೆಗಳು ತುಂಬಿದ್ದವು. ಸಂತೆಯ ದಿನ, ಸಣ್ಣಸ್ವಾಮಿಗೆ ವಾರದ ಬಾಡಿಗೆಯಲ್ಲಿ ಅರ್ಧ ಸಿಗುವುದು ಆ ಬೆಳಗ್ಗೆಯೇ. ಆದರೂ ಬಂದು ಕಾಯುತ್ತಿದ್ದ.

"ಮಿಸ್ಸು ನಾಡಿದ್ದು ಅಂದ್ರಂತೆ, ಅದ್ಕೇ ಬಂದ್ವಿ. ಅಳತೆ ಆಯ್ತಾ ಮಿಸ್?"

"ಆಯ್ತು," ಎಂದಳು ಪವಿತ್ರಾ.

"ಕಮ್ಮಿ ಐತಾ?"

ಆಗ ಏನು ಹೇಳಿದರೂ ನಡೆಯುತ್ತಿತ್ತು. ಅವಳು ದಿವ್ಯಶ್ರೀಯ ಕಾಲು ನೋಡಿದಳು. ಮಂಜಿಗೆ ಮೀನಖಂಡ ಗಟ್ಟಿಯಾಗಿ ರೋಮ ಎದ್ದು ನಿಂತಿದ್ದವು. ಇಂಥ ಚಳಿಯಲ್ಲಿ, ಈ ಒದ್ದೆ ನೆಲದಲ್ಲಿ ಯಾರ ಕಾಲೂ ಅಷ್ಟು ಬೇಗ ಏಳುವುದಿಲ್ಲ. ಓಡಿಸಿ ನೋಡಿದರೆ ಐವತ್ತೈದು ದಾಟಬಹುದು. ದಾಟಿದರೆ ಯಾರ ತಪ್ಪೂ ಅಲ್ಲ. ಒಳ್ಳೆಯತನದಿಂದ ಅಲ್ಲ, ಅಷ್ಟು ಕೆಟ್ಟ ಆಸೆಯಿಂದಲೇ ಪವಿತ್ರಾ ಹೊಸ ಗೆರೆ ಎಳೆದಳು.

"ಇಪ್ಪತ್ತೇಳು ಮೀಟರ್ ಜಾಸ್ತಿ ಓಡಿದೀಯ ಮೊನ್ನೆ. ಇವತ್ತು ಇಲ್ಲಿಂದ ಹೊರಡು. ಮುಗ್ಸೋದು ಆ ಹಳೇ ಗೆರೇಲೇ. ಇದು ಸರಿಯಾಗಿ ಆರ್ನೂರು."

ದಿವ್ಯಶ್ರೀ ಗೆರೆಗೆ ಬಂದು ನಿಂತಳು. ಪವಿತ್ರಾ ಮುಗಿಯುವ ಜಾಗಕ್ಕೆ ಹೋಗಿ ಕೈ ಎತ್ತಿ ಇಳಿಸಿದಳು. ಹುಡುಗಿ ಹೊರಟಳು. ಮೊದಲ ಸುತ್ತಿನಲ್ಲಿ ಮಂಜಿನಿಂದಾಗಿ ಆಚೆ ಬದಿಯಲ್ಲಿ ಅವಳು ಕಾಣಲೇ ಇಲ್ಲ, ಬೇಲಿಗುಂಟ ಓಡುವ ಸಣ್ಣಸ್ವಾಮಿಯ ಕೂಗು ಮಾತ್ರ ಕೇಳುತ್ತಿತ್ತು. "ಕೈ ಬೀಸವ್ವಾ, ಕೈ ಬೀಸು!" ಎರಡನೇ ಸುತ್ತಿನಲ್ಲಿ ಪವಿತ್ರಾ ಹುಡುಗಿ ಬಾಯಿ ತೆರೆಯುವುದನ್ನೇ ಕಾಯುತ್ತಿದ್ದಳು. ಅದು ಸುಸ್ತಿನ ಗುರುತು. ಮೂಗಿನಲ್ಲೇ ಉಸಿರಾಡುತ್ತಾ ಹುಡುಗಿ ಅವಳ ಮುಂದೆ ಹಾದುಹೋದಳು. ಹಾದುಹೋದಾಗ ಬೀಸಿದ ಗಾಳಿ ಪವಿತ್ರಾಳ ಮುಂಗೈಗೆ ತಾಗಿತು.

ಕೊನೆಯ ತಿರುವಿನಲ್ಲಿ, 'ತಡೆದು ಒತ್ತು' ಎಂದು ಯಾರೋ ಹೇಳಿದ ಹಾಗಾಯಿತು. ಯಾರೋ ಏನು, ಅವಳೇ. ಹತ್ತು ಹನ್ನೆರಡು ಸೆಕೆಂಡು ತಡೆದರೆ ಸಾಕು. ಮಂಜಿದೆ, ಕೇಳುವವರಿಲ್ಲ. ಆದರೆ ಹುಡುಗಿಯ ಎದೆ ಗೆರೆಯ ಮೇಲೆ ಬಂದ ಕ್ಷಣಕ್ಕೆ ಹೆಬ್ಬೆರಳು ತಾನಾಗಿ ಒತ್ತಿತು. ಹದಿನೈದು ವರ್ಷದ ಕೆಲಸದಲ್ಲಿ ಅದಕ್ಕೆ ಬೇರೆ ಥರ ಒತ್ತುವುದನ್ನು ಯಾರೂ ಕಲಿಸಿರಲಿಲ್ಲ.

ಒಂದು ನಿಮಿಷ ನಲವತ್ತನಾಲ್ಕು.

ಪವಿತ್ರಾ ಅಂಕಿಯನ್ನು ಜೋರಾಗಿ ಓದಿದಳು. ಓದಿದ ಮೇಲೆ ಅದನ್ನು ವಾಪಸು ತೆಗೆದುಕೊಳ್ಳುವಂತಿರಲಿಲ್ಲ. ನಿಂತಲ್ಲೇ ಪಟ್ಟಿಯ ಹಾಳೆಯಲ್ಲಿ ಬರೆದಳು: ದಿವ್ಯಶ್ರೀ ಎಸ್., ಎಂಟನೇ ತರಗತಿ. ಸಣ್ಣಸ್ವಾಮಿ ಬೇಲಿ ನುಸುಳಿ ಬಂದಾಗ ಅವನೂ ಏದುತ್ತಿದ್ದ, ಮಗಳಿಗಿಂತ ಹೆಚ್ಚು. ಹಾಳೆಯ ಮೇಲೆ ಬಗ್ಗಿ ಮಗಳ ಹೆಸರು ನೋಡಿದ.

"ಅಬ್ಬ, ಬಂತಲ್ಲಪ್ಪ ಹೆಸ್ರು! ಮಿಸ್, ನೀವೂ ಓಡ್ತಿದ್ರಂತೆ ಇದೇ ಗ್ರೌಂಡಲ್ಲಿ? ಎಷ್ಟರಲ್ಲಿ ಬತ್ತಿದ್ರಿ ನೀವು?"

ಅಲ್ಲಿಂದ ಜಗಲಿ ಕಾಣುತ್ತಿತ್ತು. ಅದರ ಗೋಡೆಯ ಮೇಲೆ ನೀಲಿ ಪಟ್ಟಿ. ಸುಮ್ಮನೆ ಅದರ ಕಡೆ ಕೈ ತೋರಿಸಿದರೂ ಸಾಕಿತ್ತು.

"ಎರಡು ನಿಮಿಷ ಎರಡು ಸೆಕೆಂಡು," ಎಂದಳು ಪವಿತ್ರಾ.

"ಗೋಡೆ ಮೇಲೆ ಬೇರೆ ಐತಲ್ಲ ಮಿಸ್?" ಎಂದಳು ದಿವ್ಯಶ್ರೀ.

"ಅದು ಅಳತೆ ಮಾಡ್ದೆ ಬರ್ದಿದ್ದು."

ಸಣ್ಣಸ್ವಾಮಿ ಬೆರಳು ಮಡಚಿ ಲೆಕ್ಕ ಹಾಕಿದ. ಅವನಿಗೆ ಯಾರನ್ನೂ ನೋಯಿಸುವ ಉದ್ದೇಶವಿರಲಿಲ್ಲ, ಖುಷಿಯಲ್ಲಿದ್ದ ಅಷ್ಟೆ. "ಅಲ್ಲಿಗೆ ನಮ್ಮವ್ವ ಮಿಸ್‌ಗಿಂತ ಹದ್ನೆಂಟು ಸೆಕೆಂಡ್ ಮುಂದೆ!"

"ಅಪ್ಪಾ, ಸುಮ್ಕಿರು," ಎಂದು ಮಗಳು ಅವನ ತೋಳು ಜಗ್ಗಿದಳು.

"ಹೌದು," ಎಂದಳು ಪವಿತ್ರಾ. "ಹದಿನೆಂಟು." ಹೇಳುವಾಗ ಕಿವಿಯವರೆಗೂ ಬಿಸಿಯೇರಿತು. ನಿಜ ಹೇಳಿದರೆ ಮನಸ್ಸು ಹಗುರಾಗುತ್ತದೆ ಎಂದು ಅವಳೇ ಮಕ್ಕಳಿಗೆ ಪ್ರಾರ್ಥನೆಯಲ್ಲಿ ಎಷ್ಟೋ ಸಲ ಹೇಳಿದ್ದಳು. ಏನೂ ಹಗುರಾಗಲಿಲ್ಲ.

ನಮೂನೆಯಲ್ಲಿ ಇನ್ನೊಂದು ಕಾಲಂ ಉಳಿದಿತ್ತು. ಓಟದ ನಂತರ ಒಂದು ನಿಮಿಷದ ನಾಡಿಬಡಿತ ಎಣಿಸಿ ಬರೆಯಬೇಕು. ಪವಿತ್ರಾ ಹುಡುಗಿಯ ಕೈ ತೆಗೆದುಕೊಂಡು, ಬೆವರಿನಿಂದ ಒದ್ದೆಯಾದ ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟು, ವಾಚನ್ನು ಸೊನ್ನೆಗೆ ತಂದಳು.

"ಮಾತಾಡ್ಬೇಡ. ಸುಮ್ನೆ ನಿಂತ್ಕೊ."

ದಿವ್ಯಶ್ರೀ ಕಣ್ಣು ಮುಚ್ಚಿ ನಿಂತಳು. ಪವಿತ್ರಾ ತುಟಿ ಅಲ್ಲಾಡಿಸದೆ ಎಣಿಸತೊಡಗಿದಳು. ನಲವತ್ತು ದಾಟುವಷ್ಟರಲ್ಲೇ ಹುಡುಗಿಯ ನಾಡಿ ನಿಧಾನವಾಗುತ್ತಾ ಬಂದಿತ್ತು. ಪವಿತ್ರಾಳದೇ ಎದೆ ಇನ್ನೂ ಡವಡವ ಹೊಡೆದುಕೊಳ್ಳುತ್ತಿತ್ತು.